ಕೊನಿಯ ಬೆರಕೆ ಮಾತು

ಡಚ್ಚರ ಕಾಲದ ಜಾವಾ ದ್ವೀಪದ ಸೆಮಾರಾಂಗ್ ಪಟ್ಟಣ. ನಮ್ಮ ಗಲ್ಲಿಯಲ್ಲಿ ಕೊನಿ ಬಾಯಿ ಬಿಟ್ಟರೆ ಮೂರು ಮನೆಗೆ ಕೇಳುತ್ತಿತ್ತು. ಅವಳ ಅಪ್ಪ ಡಚ್ಚ, ಅಮ್ಮ ಜಾವಾದವಳು. ಮಾತೂ ಹಾಗೆಯೇ: ಶಬ್ದ ಅಪ್ಪನದು, ಅದನ್ನು ಕಟ್ಟುವ ರೀತಿ ಅಮ್ಮನದು. ಗಲ್ಲಿಯವರೆಲ್ಲ ಬೈಯುತ್ತಿದ್ದದ್ದೂ ಮಕ್ಕಳನ್ನು ಮಲಗಿಸುತ್ತಿದ್ದದ್ದೂ ಆ ಬೆರಕೆ ಮಾತಿನಲ್ಲೇ. ಗಂಡ ಸತ್ತ ಮೇಲೆ ಕೊನಿ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಲೆಂಪರ್ ಮಾರಿ, ಮಗಳು ಹೆರ್ಮಿನಳನ್ನು ಡಚ್ ಶಾಲೆಯಲ್ಲಿ ಓದಿಸಿದಳು. ಅಲ್ಲಿ ಆ ಪುಣ್ಯಾತ್ಗಿತ್ತಿ ಶುದ್ಧ ಡಚ್ ಕಲಿತಳು, ಜೊತೆಗೆ ತಾಯಿಯ ಮಾತಿಗೆ ನಾಚುವುದನ್ನೂ ಕಲಿತಳು.

ಹೆರ್ಮಿನಳಿಗೆ ಡಚ್ಚರ ಗಾಜಿನ ಸಾಮಾನಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಇನ್ನೇನು ಖಾಯಂ ಆಗುವುದರಲ್ಲಿತ್ತು.

"ಅಂಗಡಿ ಹತ್ರ ಬರ್ಬೇಡಮ್ಮಾ. ಬಂದ್ರೂ ಬಾಯಿ ತೆಗೀಬೇಡ," ಎಂದು ತಾಯಿಗೆ ತಾಕೀತು ಮಾಡಿದ್ದಳು.

ಕೊನಿ ಕೇಳಿಯಾಳೇ! ಮಗಳು ಬುತ್ತಿ ಮರೆತು ಹೋದ ದಿನ ಪಕ್ಕದ ಮನೆಯ ನನ್ನನ್ನೂ ಎಳೆದುಕೊಂಡು ಹೊರಟಳು.

ನಾವು ಬಾಗಿಲಲ್ಲಿದ್ದಾಗಲೇ ಗೋಡೆಯ ಹಲಗೆ ಕುಸಿದು, ದೊಡ್ಡ ಹೂದಾನಿ ಬಿದ್ದು ಚೂರುಚೂರಾಯಿತು. ಹೆರ್ಮಿನ್ ಅದನ್ನು ಮುಟ್ಟಿಯೇ ಇರಲಿಲ್ಲ. ಒಡತಿ ಓಡಿಬಂದು, "ಯಾರು ಬೀಳಿಸಿದ್ದು?" ಎಂದಳು.

ಕೊನಿ ಮುನ್ನುಗ್ಗಿದಳು. "ಅಯ್ಯೋ ಅಮ್ಮಾವ್ರೇ, ಬೀಳ್ಸಿದ್ದಲ್ರೀ, ಬಿದ್ದೋಗಿದ್ದು!"

ನಮ್ಮಲ್ಲಿ 'ತಾನಾಗಿ ಬಿತ್ತು' ಎನ್ನಲು ಡಚ್ ಶಬ್ದದ ಮುಂದೆ ಜಾವಾದ ಒಂದು 'ಕೆ' ಸೇರಿಸಿದರಾಯಿತು. ಒಡತಿಗೆ ಅದು ತಲೆಗೆ ಹೋಗಲಿಲ್ಲ. ಗಿರಾಕಿ ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬಳಂತೂ ಕೋಳಿಯ ಹಾಗೆ ಕತ್ತು ಕುಣಿಸಿ "ಕೆ, ಕೆ" ಎಂದು ಅಣಕಿಸಿದಳು. ನನಗೆ ಮೈಯೆಲ್ಲ ಹಿಡಿಯಾಯಿತು. ಕೊನಿಗೆ ಅದರ ಪರಿವೆಯೇ ಇಲ್ಲ. ಹಲಗೆ ತೋರಿಸಿ, ಕೈ ಆಡಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.

"ಇವಳು ಯಾರು? ನಿನ್ನ ಕಡೆಯವಳೇ?" ಎಂದು ಒಡತಿ ಹೆರ್ಮಿನಳನ್ನು ಕೇಳಿದಳು.

ಹೆರ್ಮಿನ್ ಕಿವಿಯವರೆಗೂ ಕೆಂಪಾಗಿದ್ದಳು. "ಹೂದಾನಿಯನ್ನು ನಾನೇ ಬೀಳಿಸಿದೆ," ಎಂದಳು. "ದಯವಿಟ್ಟು ಈ ಹೆಂಗಸನ್ನು ಹೊರಗೆ ಕಳಿಸಿ."

ಎಂಥ ಸ್ವಚ್ಛ ಡಚ್ ಅದು! ಒಂದಕ್ಷರ ತಪ್ಪಿಲ್ಲ. ನನಗೆ ಕೆನ್ನೆಗೊಂದು ಬಿಡೋಣ ಎನಿಸಿತು. ಕೊನಿಯ ಮಾತು ಅಲ್ಲಿಗೇ ನಿಂತಿತು. ಬುತ್ತಿಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು.

ಸಂಜೆ ಹೆರ್ಮಿನ್ ಕೆಲಸ ಕಳೆದುಕೊಂಡು ಬಂದಳು. ನಾನು ಅವರ ಅಡುಗೆಮನೆಯಲ್ಲೇ ಕುಳಿತಿದ್ದೆ. ಕೊನಿ ಎದ್ದು ಕುರ್ಚಿ ಎಳೆದಳು. ದೊಡ್ಡ ಮನೆಗಳಿಗೆ ಲೆಂಪರ್ ಕೊಡಲು ಹೋಗಿ ಕಲಿತ ಮರ್ಯಾದೆಯ ನಾಲ್ಕು ಶುದ್ಧ ಡಚ್ ಮಾತು ಅವಳಿಗೆ ಬರುತ್ತಿದ್ದವು.

"ದಯವಿಟ್ಟು ಕುಳಿತುಕೊಳ್ಳಿ," ಎಂದಳು ಮಗಳಿಗೆ, ಆ ಡಚ್‌ನಲ್ಲೇ.

ಹೆರ್ಮಿನ್ ಬೆಚ್ಚಿಬಿದ್ದಳು. "ಅಮ್ಮಾ, ಹಂಗನ್ಬೇಡಮ್ಮಾ. ನಾಚ್ಕೆಯಿಂದ ಸಾಯ್ತಿದೀನಿ. ಬೈಯಮ್ಮಾ, ಎರಡೇಟು ಹೊಡಿ," ಎಂದು ನಮ್ಮ ಬೆರಕೆ ಮಾತಿನಲ್ಲೇ ಗೋಗರೆದಳು.

ಕೊನಿ ತಟ್ಟೆಯನ್ನು ಅವಳ ಮುಂದೆ ಸರಿಸಿದಳು.

"ನೀವು ಅನ್ನ ಹಾಕಿಸಿಕೊಳ್ಳುತ್ತೀರಾ?" ಎಂದು ಕೇಳಿದಳು.