ಕೋಳಿಗಿಟ್ಟ ಹಾಲು ಒಡೆದಾಗ

"ಹಾಲು ಒಡ್ದೋಯ್ತು ಕಣ್ಲಾ!"

ಬೆಳಗ್ಗೆ ಏಳು ಗಂಟೆಗೆ ಫೋನಿನಲ್ಲಿ ನನ್ನ ಅಕ್ಕನ ಗಾಬರಿ. ಹಾಲು ಒಡೆದಿದ್ದಕ್ಕೆ ರಾವಂದೂರಿನಿಂದ ಮೈಸೂರಿಗೆ ಫೋನ್ ಮಾಡುವವರುಂಟೇ? ಒಂದು ದಿನ ಕರಿ ಕಾಫಿ ಕುಡಿ ಎಂದೆ.

"ಕಾಪಿ ಹಾಲಲ್ಲ ಕಣ್ಲಾ ಮುಂಡೇದೆ, ಕೋಳಿ ಹಾಲು!"

ನಿದ್ದೆ ಹಾರಿಹೋಯಿತು.

(ಕೋಳಿಗೂ ಹಾಲೇ ಎಂದು ನಗಬೇಡಿ. ಹಿಂಡುಗಟ್ಟಲೆ ಕೋಳಿ ಸಾಯಿಸುವ ಕೊಕ್ಕರೆ ರೋಗದ ಲಸಿಕೆಯನ್ನು ಬ್ರಾಯ್ಲರ್ ಕೋಳಿಗೆ ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಲಸಿಕೆ ಕೆಡದಿರಲೆಂದು ನೀರಿಗೆ ಮೊದಲು ಹಾಲಿನ ಪುಡಿ ಕದಡುತ್ತಾರೆ. ಇಟ್ಟ ತಕ್ಷಣ ಕುಡಿಯಲೆಂದು ಕೋಳಿಗಳನ್ನು ಅದಕ್ಕೂ ಮೊದಲು ಒಂದೆರಡು ಗಂಟೆ ಬಾಯಾರಿಸಿ ಇಡುತ್ತಾರೆ.)

ಅಕ್ಕನ ಶೆಡ್ಡಿನಲ್ಲಿ ಸಾವಿರ ಕೋಳಿಗಳು ಹಾಗೆ ಬಾಯಿ ತೆರೆದು ಕಾಯುತ್ತಿದ್ದವು. ಬಕೆಟ್ಟಿನಲ್ಲಿ ಹಾಲು ಗಡ್ಡೆಗಡ್ಡೆ. ಕಂಪಲಾಪುರದ ಕಡೆ ರೋಗ ಆಗಲೇ ಕಾಣಿಸಿಕೊಂಡಿತ್ತು.

"ಪುಡಿ ಹಳೇದಿರಬೇಕು," ಎಂದೆ.

"ನೆನ್ನೆ ತಂದದ್ದು."

"ಬಕೆಟ್ ತೊಳೆದಿರಲ್ಲ ನೀನು."

"ಮೊದ್ಲು ನಿನ್ ಮೊಕ ತೊಳ್ಕೋ. ನೀರಿಗೆ ನಿನ್ ಆಸಿಡ್ ಬಿಟ್ರೆ ಇನ್ನೇನೂ ಆಕಿಲ್ಲ ನಾನು."

ನನ್ನ ಆಸಿಡ್! ಹೌದು, ನನ್ನದೇ. ಕೆಲವು ವಾರಗಳ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ? ಕೋಳಿಗೆ ದಿನಾ ಆ್ಯಂಟಿಬಯಾಟಿಕ್ ತಿನ್ನಿಸುವುದನ್ನು ಬಿಡಿ, ಸಾವಯವ ಆಮ್ಲ ಕೊಡಿ, ಕರುಳಿನ ಕೆಟ್ಟ ಕ್ರಿಮಿಗಳು ಹುಳಿಗೆ ಹೆದರುತ್ತವೆ ಎಂದು. ಅಕ್ಕ ಆಗಲೇ ಜಗಳ ತೆಗೆದಿದ್ದಳು. "ಕಕ್ಕಸು ತೊಳ್ಯೋದನ್ನ ಕೋಳಿಗೆ ಕುಡಿಸ್ಲಾ?" ಅದು ಬೇರೆ, ಇದು ಮಜ್ಜಿಗೆ, ಹುಣಸೆಹಣ್ಣಿನ ಜಾತಿಯದು ಎಂದು ಒಪ್ಪಿಸಿದ್ದೆ. ಮೇವಿಗೆ ಪುಡಿ, ನೀರಿಗೆ ದ್ರಾವಣ ಶುರುವಾಯಿತು. ಹಿಕ್ಕೆ ಗಟ್ಟಿಯಾಯಿತು, ಶೆಡ್ಡಿನ ವಾಸನೆ ತಗ್ಗಿತು. ಅವಳು ನನ್ನ ಅಂಕಣವನ್ನು ಕತ್ತರಿಸಿ ಮೇವಿನ ಕೋಣೆಯ ಬಾಗಿಲಿಗೆ ಅಂಟಿಸಿದಳು. ನನ್ನ ಬರಹಕ್ಕೆ ಅಂಥ ಗೌರವ ಇನ್ನೆಲ್ಲೂ ಸಿಕ್ಕಿಲ್ಲ.

ಪಿರಿಯಾಪಟ್ಟಣದ ಪಶುವೈದ್ಯರಿಗೆ ಫೋನ್ ಹಚ್ಚಿದೆ.

"ಹುಳಿ ನೀರಿಗೆ ಹಾಲು ಹಾಕಿದ್ರೆ ಒಡೀದೆ ಇನ್ನೇನಾಗುತ್ತೆ ಸ್ವಾಮಿ? ಲಸಿಕೆನೂ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಕೋಳಿಗೆ ಬರೀ ನೀರು ಕೊಡೋಕೆ ಹೇಳಿ, ನಾಳೆ ಹೊಸ ಲಸಿಕೆ ಹಾಕಿ. ಅಲ್ಲ, ಲಸಿಕೆ ದಿನ ಆಸಿಡ್ ನಿಲ್ಲಿಸಬೇಕು ಅಂತ ಯಾರೂ ಹೇಳ್ಲಿಲ್ವ?"

ಯಾರು ಹೇಳಬೇಕಿತ್ತು? ಆಸಿಡ್ ಕ್ಯಾನಿನ ಮೇಲೆ ಕೊಬ್ಬಿದ ಹುಂಜದ ಚಿತ್ರ, ಅದರಡಿ ಇರುವೆ ಸಾಲಿನಂಥ ಇಂಗ್ಲಿಷು. ಅಂಗಡಿಯವನನ್ನು ಕೇಳಿದರೆ "ಒಳ್ಳೇ ಐಟಮ್ಮು, ತಗಂಡೋಗಿ." ಎಷ್ಟು ಹಾಕಬೇಕೆಂದು ಹೇಳಲು ನೂರು ಜನ. ಯಾವಾಗ ಹಾಕಬಾರದೆಂದು ಹೇಳಲು?

ಮೈಸೂರಿನಲ್ಲಿ ಲಸಿಕೆ ಕೊಂಡು, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಬಸ್ ಹತ್ತಿದೆ. ಹುಣಸೂರು ದಾಟುತ್ತಲೇ ಟೈರ್ ಪಂಕ್ಚರ್. ಬಿಸಿಲು. ತೊಡೆಯ ಮೇಲಿನ ಐಸು ಕರಗುವ ಸದ್ದು ನನಗೊಬ್ಬನಿಗೇ ಕೇಳುತ್ತಿತ್ತು. ಪಕ್ಕದವರು ಫ್ಲಾಸ್ಕ್ ನೋಡಿ, "ಕಾಪಿನಾ ಸಾರ್? ಒಂದು ಗುಟುಕು ಕೊಡಿ," ಎಂದರು. ಕೋಳಿ ಔಷಧ ಎಂದೆ. ಎದ್ದು ಹಿಂದಿನ ಸೀಟಿಗೆ ಹೋದರು.

ಅಕ್ಕ ಮೇವಿನ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಫ್ಲಾಸ್ಕ್ ಕಿತ್ತುಕೊಂಡಳು, ನೀರು ಬೇಕೇ ಎಂದೂ ಕೇಳಲಿಲ್ಲ. ಅಂಟಿಸಿದ್ದ ಅಂಕಣಕ್ಕೆ ಬೆರಳಿಟ್ಟಳು.

"ಓದು. ಲಸಿಕೆ ದಿನ ಆಕ್ಬ್ಯಾಡ ಅಂತ ಎಲ್ಲೈತೆ?"

"ಬರೆದಿದ್ದೆ ಕಣಕ್ಕಾ. ಪತ್ರಿಕೆಯವರು ಕತ್ತರಿಸಿರಬೇಕು."

"ನಾನು ಬಾಯಿಪಾಠ ಮಾಡಿವ್ನಿ ಕಣ್ಲಾ ಇದ್ನ. ನೀನೇಳಿದ್ದು ಒಂದೂ ಬುಟ್ಟಿಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ಮೂರನೆಯ ಪ್ಯಾರಾ, ಅದರ ಅಲ್ಪವಿರಾಮ ಸಹಿತ ಕಣ್ಣಿಗೆ ಕಟ್ಟಿತ್ತು. ಆದರೆ ಇಷ್ಟು ಸ್ಪಷ್ಟವಾಗಿ ಕಾಣುವ ನೆನಪನ್ನು ನಾನೆಂದೂ ನಂಬಿದವನಲ್ಲ. ಅದು ಸದಾ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಮರುದಿನ ಬೆಳಗ್ಗೆ ಕೋಳಿಗಳು ನೀರು ಕುಡಿಯುವ ಡ್ರಿಂಕರ್‌ಗಳನ್ನೆಲ್ಲ ಬರೀ ನೀರಿನಲ್ಲಿ ತೊಳೆದು, ಆಸಿಡ್ ಇಲ್ಲದ ನೀರಿಗೆ ಹಾಲಿನ ಪುಡಿ, ಹೊಸ ಲಸಿಕೆ ಕದಡಿದೆವು. ಹಾಲು ಒಡೆಯಲಿಲ್ಲ. ಕೋಳಿಗಳು ಮುಗಿಬಿದ್ದು ಕುಡಿದವು.

ಮೈಸೂರಿಗೆ ಬಂದು ಕರಡು ಹುಡುಕಿದೆ. ಸಾಲು ಇತ್ತು! ಮೂರನೆಯ ಪ್ಯಾರಾದಲ್ಲಲ್ಲ, ಕಟ್ಟಕಡೆಯಲ್ಲಿ. ಅದರ ಮೇಲೆ ಅಡ್ಡಗೀಟು. ನೀಲಿ ಇಂಕು. ನನ್ನದೇ ಪೆನ್ನು. "ಹುಳಿಯಿದ್ದರೆ ಸಾರಿಗೆ ರುಚಿ, ಕೋಳಿಗೆ ಆಯಸ್ಸು" ಎಂಬ ಚಂದದ ವಾಕ್ಯದಲ್ಲಿ ಅಂಕಣ ಮುಗಿಸಿದ್ದೆ. ಅದಾದ ಮೇಲೆ ಈ ಸಾಲು ಔಷಧದ ಚೀಟಿಯಂತೆ ಕಂಡಿರಬೇಕು. ನಾನೇ ಹೊಡೆದುಹಾಕಿದ್ದೆ.

ಇಂದು ಬೆಳಗ್ಗೆ ಮತ್ತೆ ಫೋನ್. ಅಕ್ಕ ಈ ಸಲ ಬೈಯಲಿಲ್ಲ. "ನಾಕು ಕೋಳಿ ಕತ್ತು ತಿರುಚ್ಕಂಡು ಮೂಲೆ ಸೇರವೆ ಕಣ್ಲಾ," ಎಂದಳು. ಕೊಕ್ಕರೆ ರೋಗ ಹಿಡಿದ ಕೋಳಿ ಹಾಗೆಯೇ ಕತ್ತು ತಿರುಚುತ್ತದೆ. ಉಳಿದವಕ್ಕೆ ಹೊಸ ಲಸಿಕೆ ಹತ್ತುವ ಮೊದಲೇ ರೋಗ ಹತ್ತುತ್ತದೆಯೋ ಏನೋ, ಡಾಕ್ಟರೂ ಹೇಳುತ್ತಿಲ್ಲ.

ಇನ್ನೊಂದು ಮಾತನ್ನೂ ಅಕ್ಕ ಹೇಳಿದಳು. "ಈ ವಾರದ್ದೂ ಅದ್ರ ಪಕ್ದಲ್ಲೇ ಅಂಟಿಸ್ತೀನಿ, ಸರ್ಯಾಗಿ ಬರಿ."

ಬರೆದಿದ್ದೇನೆ ಅಕ್ಕಾ: ಲಸಿಕೆಯ ಹಿಂದಿನ ದಿನ, ಲಸಿಕೆಯ ದಿನ, ಮಾರನೆಯ ದಿನ ಕೋಳಿಯ ನೀರಿಗೆ ಆಸಿಡ್ ಹಾಕಬೇಡಿ.