ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಸ್ಟೀಲ್ ತೊಟ್ಟಿಯ ನೀರಿಗೆ ಮೊಣಕೈ ಅದ್ದಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಹಸುಗೂಸಿಗೆ ಎರೆಯುವ ಮುಂಚೆ ತಾಯಂದಿರು ನೀರು ನೋಡುವುದೂ ಹೀಗೆಯೇ. ಆಮೇಲೆ ಥರ್ಮಾಮೀಟರ್ ಇಳಿಸುತ್ತಾರೆ. ಅದು ನಲವತ್ತು ಡಿಗ್ರಿ ಎನ್ನುತ್ತದೆ. ತಮ್ಮ ಮೊಣಕೈ ಹೇಳಿದ್ದನ್ನು ಅದೂ ಒಪ್ಪಿಕೊಂಡಿತಲ್ಲ ಎಂಬ ಸಮಾಧಾನದಲ್ಲಿ ಹಳದಿ ದ್ರವವನ್ನು ಅಳೆದು ಸುರಿದು, ಉದ್ದನೆಯ ಕೈಗವಸು ಏರಿಸಿಕೊಳ್ಳುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಉಗುರುಬೆಚ್ಚಗಿನಕ್ಕ ಎಂದೇ ಕರೆಯುವುದು. ಮೇಲಿನ ಮಹಡಿಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ರಕ್ತ ಮೆತ್ತಿಕೊಂಡು ಬರುವ ಕತ್ತರಿ, ಇಕ್ಕಳಗಳನ್ನು ತೊಳೆಯುವುದು ಇಪ್ಪತ್ತೆರಡು ವರ್ಷಗಳಿಂದ ಇವರ ಕೆಲಸ. ದಿನಕ್ಕೆ ಇಪ್ಪತ್ತು ತಟ್ಟೆ, ತಟ್ಟೆಗೆ ನಲವತ್ತು ಉಪಕರಣ. ಪ್ರತಿಯೊಂದರ ಕೀಲು ಬಿಚ್ಚಿ ತೊಟ್ಟಿಗೆ ಹಾಕಬೇಕು, ಹತ್ತು ನಿಮಿಷ ಕಾಯಬೇಕು, ಬ್ರಷ್ ಆಡಿಸಬೇಕು. ಆಮೇಲಷ್ಟೇ ಅವು ಕ್ರಿಮಿಗಳನ್ನು ಕೊಲ್ಲುವ ಆವಿಯಂತ್ರಕ್ಕೆ ಹೋಗುತ್ತವೆ.

ಆ ಹತ್ತು ನಿಮಿಷಕ್ಕೇ ಈಗ ಕುತ್ತು ಬಂದಿದೆ. ಗೋಡೆಯ ಮೇಲೊಂದು ಆದೇಶ ಅಂಟಿಸಿದ್ದಾರೆ. ಸೋಮವಾರದಿಂದ ಎಪ್ಪತ್ತು ಡಿಗ್ರಿ ನೀರು, ಮೂರೇ ನಿಮಿಷ. ಒಪ್ಪದವರು ಬಟ್ಟೆ ಮಡಚುವ ಕೋಣೆಗೆ. ಶಸ್ತ್ರಚಿಕಿತ್ಸೆಗಳು ಹೆಚ್ಚಿವೆ, ತಟ್ಟೆಗಳು ಸಾಲುತ್ತಿಲ್ಲ ಎಂಬುದು ಹೊಸದಾಗಿ ಬಂದ ವ್ಯವಸ್ಥಾಪಕರ ತೊಂದರೆ. ಅದೇನೂ ಸುಳ್ಳಲ್ಲ. ಅಕ್ಕ ಜಗಳಕ್ಕೆ ಹೋಗಲಿಲ್ಲ, ಒಂದು ಪರೀಕ್ಷೆ ಕೇಳಿದರು. ಇವತ್ತು ಎಂಟು ಗಂಟೆಗೆ ಅದು ನಡೆಯಬೇಕು.

ಅಲ್ಲಿಯವರೆಗೆ ಕೈ ಕಟ್ಟಿ ಕೂರುವಂತಿಲ್ಲ. ರಾತ್ರಿಯ ತುರ್ತು ಚಿಕಿತ್ಸೆಗಳ ಮೂರು ತಟ್ಟೆಗಳಿವೆ. ಅಕ್ಕ ಒಂದಾದ ಮೇಲೊಂದನ್ನು ತೊಳೆಯುತ್ತಾರೆ. ನೀರು ಆರಿದಾಗಲೆಲ್ಲ ಒಂದು ಚೊಂಬು ಬಿಸಿನೀರು ಬೆರೆಸಿ ಮತ್ತೆ ನಲವತ್ತಕ್ಕೆ ತರುತ್ತಾರೆ. ಕಣ್ಣು ಮಾತ್ರ ಗಡಿಯಾರದ ಮೇಲೆ.

ತೊಳೆಯುತ್ತಲೇ ಮಾತಿಗಿಳಿಯುತ್ತಾರೆ. ಮೊದಲು ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದರಂತೆ. ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದರು. ಬಂದ ಹೊಸದರಲ್ಲೇ ಒಂದು ಎಡವಟ್ಟಾಯಿತು. ಬಿಸಿ ಹೆಚ್ಚಿದಷ್ಟೂ ಚೊಕ್ಕ ಎಂದುಕೊಂಡು, ಒಳ್ಳೆಯ ಮನಸ್ಸಿನಿಂದಲೇ ಕುದಿಯುವ ನೀರು ಸುರಿದರು. ರಕ್ತ ಇಕ್ಕಳದ ಕೀಲಿನಲ್ಲಿ ಬೆಂದು ಕಚ್ಚಿಕೊಂಡಿತು. ಅರಿವಳಿಕೆ ಕೊಟ್ಟು ಮಲಗಿಸಿದ್ದ ರೋಗಿಯ ಪಕ್ಕದಲ್ಲಿ ಡಾಕ್ಟರು ಆ ಕಂದು ಚುಕ್ಕೆ ನೋಡಿದರು. ಬೇರೆ ತಟ್ಟೆ ಬರುವವರೆಗೆ ಆ ಜೀವ ನಲವತ್ತು ನಿಮಿಷ ಸುಮ್ಮನೆ ಮಲಗಿರಬೇಕಾಯಿತು. ಡಾಕ್ಟರು ಕೆಳಗಿಳಿದು ಬಂದು ಬೈಯಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು, ಹಳದಿ ದ್ರವದಲ್ಲಿ ಇರುವುದು ಕಿಣ್ವ ಎಂದು ಪಾಠ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅಕ್ಕ ತಮ್ಮನ್ನೇ ಆಡಿಕೊಳ್ಳುತ್ತಾರೆ.

ಆ ಪಾಠವನ್ನು ಅವರು ತಮ್ಮ ಅಂಗಡಿಯ ಭಾಷೆಗೆ ಇಳಿಸಿಕೊಂಡಿದ್ದಾರೆ. "ಕಿಣ್ವ ಅಂದ್ರೆ ಕತ್ತರಿ ಅಂದ್ಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣದು. ರಕ್ತ ಕತ್ತರಿಸೋದು ರಕ್ತನ್ನೇ ಕತ್ತರಿಸುತ್ತೆ, ಕೊಬ್ಬಿಂದು ಕೊಬ್ಬನ್ನೇ. ಒಂದರ ಕೆಲಸ ಇನ್ನೊಂದು ಮಾಡಲ್ಲ. ಒಂದು ತುಂಡು ಕತ್ತರಿಸಿ ಇನ್ನೊಂದಕ್ಕೆ ಹೋಗುತ್ತೆ, ತಾನು ಮಾತ್ರ ಸವೆಯಲ್ಲ. ನೀರು ತಣ್ಣಗಿದ್ರೆ ಸೋಮಾರಿ ಆಗುತ್ತೆ, ಬೆಚ್ಚಗೆ ಮಾಡಿದ್ರೆ ಮತ್ತೆ ಏಳುತ್ತೆ. ಆದ್ರೆ ಕುದಿಸಿದ್ರೆ ಅದರ ಆಕಾರನೇ ಹೋಯ್ತು. ಬೆಂದ ಮೊಟ್ಟೆ ಮತ್ತೆ ಹಸಿ ಆಗುತ್ತಾ, ಹೇಳಿ?"

ಬ್ಲೀಚ್ ಬೆರೆಸಿದರೂ ಅದೇ ಗತಿಯಂತೆ. ಹುಳಿಯಾಗಲಿ ಕ್ಷಾರವಾಗಲಿ ಮಿತಿ ಮೀರಿದ ನೀರು ಅದಕ್ಕೆ ಆಗಿಬರುವುದಿಲ್ಲ. ಮನೆಯಲ್ಲಿ ಇವರು ಚಹದ ಲೋಟವನ್ನೂ ಮೊಣಕೈಗೆ ತಾಗಿಸಿಯೇ ಕುಡಿಯುತ್ತಾರೆ ಎಂದು ಸೊಸೆ ನೆಂಟರೆದುರು ಗೇಲಿ ಮಾಡುತ್ತಾಳೆ. ಅದು ನಿಜ ಎಂದು ಅತ್ತೆಯೇ ಒಪ್ಪಿಕೊಳ್ಳುತ್ತಾರೆ.

ಎಂಟಕ್ಕೆ ಸರಿಯಾಗಿ ವ್ಯವಸ್ಥಾಪಕರು ಬರುತ್ತಾರೆ. ಕೊನೆಯ ಚಿಕಿತ್ಸೆಯಿಂದ ಬಂದ ಒಂದೇ ಥರದ ಮೂರು ಇಕ್ಕಳಗಳನ್ನು ಅಕ್ಕ ಎತ್ತಿಟ್ಟಿದ್ದಾರೆ. ಒಂದು, ಹೊಸದಾಗಿ ಬೆರೆಸಿದ ಎಪ್ಪತ್ತು ಡಿಗ್ರಿಯ ತೊಟ್ಟಿಗೆ, ಮೂರು ನಿಮಿಷ. ಇನ್ನೊಂದು, ಅಕ್ಕನ ನಲವತ್ತರ ತೊಟ್ಟಿಗೆ, ಹತ್ತು ನಿಮಿಷ. ಮೂರನೆಯದು ಬೇಕಾದರೆ ಇರಲೆಂದು ಬದಿಗೆ. ಆಮೇಲೆ ಎರಡರ ಕೀಲನ್ನೂ ಪರೀಕ್ಷೆಯ ಹತ್ತಿಕಡ್ಡಿಯಿಂದ ಒರೆಸಬೇಕು. ರಕ್ತದ ಅಂಶ ಉಳಿದಿದ್ದರೆ ಕಡ್ಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಬಿಸಿನೀರಿನ ಕಡ್ಡಿ ನೇರಳೆಯಾಗುತ್ತದೆ. ಅಕ್ಕನ ಮುಖ ಅರಳುತ್ತದೆ. ಆದರೆ ಮರುಗಳಿಗೆಯಲ್ಲೇ ಅವರ ಕಡ್ಡಿಯೂ ನೇರಳೆ.

ವ್ಯವಸ್ಥಾಪಕರು ವ್ಯಂಗ್ಯವಾಡುವ ಮನುಷ್ಯನಲ್ಲ. ಎರಡೂ ಒಂದೇ ಆಯಿತಲ್ಲ, ಹಾಗಾದರೆ ಏಳು ನಿಮಿಷ ಉಳಿಸುವುದೇ ಮೇಲು ಎಂದು ಮೆತ್ತಗೆ ಹೇಳುತ್ತಾರೆ. ಉಳಿದದ್ದನ್ನು ಆವಿಯಂತ್ರ ನೋಡಿಕೊಳ್ಳುತ್ತದೆ ಎಂಬ ಸಮಾಧಾನವೂ ಅವರಲ್ಲಿದೆ. ಕಲೆಯ ಅಡಿಯಲ್ಲಿ ಅಡಗಿದ್ದಕ್ಕೆ ಆವಿ ತಗಲುವುದಿಲ್ಲ ಎನ್ನುತ್ತಾರೆ ಅಕ್ಕ. ಬಗ್ಗಿ ತೊಟ್ಟಿಯನ್ನು ನೋಡುತ್ತಾರೆ. ನೀರು ಮಬ್ಬಾಗಿದೆ.

ಪ್ರತಿ ತಟ್ಟೆಗೂ ನೀರು ಬದಲಿಸಬೇಕೆಂಬುದು ಅವರೇ ಮಾಡಿಕೊಂಡ ನಿಯಮ. ಇವತ್ತಿನ ಆತಂಕದಲ್ಲಿ ಅದು ಮರೆತೇಹೋಗಿದೆ. ಒಂದೇ ನೀರಿಗೆ ಮೂರು ತಟ್ಟೆಯ ಕೊಳೆ ಸೇರಿದೆ. ಸಾಲದ್ದಕ್ಕೆ ಚೊಂಬು ಚೊಂಬು ಬಿಸಿನೀರು ಬಿದ್ದು ದ್ರವ ತೆಳುವಾಗಿದೆ. ಕಿಣ್ವದ ಕತ್ತರಿಗಳು ಕಡಿಮೆ, ಕತ್ತರಿಸಬೇಕಾದದ್ದು ರಾಶಿ ರಾಶಿ. ಬರೀ ಶಾಖವನ್ನು ಕಾಯುತ್ತ ಉಳಿದೆಲ್ಲವನ್ನೂ ಕೈಬಿಟ್ಟಿದ್ದಾರೆ. ಇನ್ನೂ ದೊಡ್ಡ ಸಂಗತಿಯೆಂದರೆ, ಇದೇ ನೀರಿನಲ್ಲಿ ತೊಳೆದ ಮೂರು ತಟ್ಟೆಗಳು ಈಗ ಆವಿಯಂತ್ರದಲ್ಲಿವೆ. ಒಂಬತ್ತಕ್ಕೆ ಮೊದಲ ಶಸ್ತ್ರಚಿಕಿತ್ಸೆ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಹೋಗಿ ಯಂತ್ರದ ಸ್ವಿಚ್ ಆರಿಸುತ್ತಾರೆ.

"ತಪ್ಪು ನೀರಿಂದಲ್ಲ ಸರ್, ನಂದು. ಬೆಳಗ್ಗೆಯಿಂದ ನೀರು ಬದಲಾಯಿಸಿಲ್ಲ. ಒಳಗಿರೋ ಮೂರೂ ತಟ್ಟೆ ಮತ್ತೆ ತೊಳೀಬೇಕು. ಮೇಲೆ ಫೋನ್ ಮಾಡಿ, ತಡ ಆಗುತ್ತೆ ಅಂತ ಹೇಳಿ. ನನ್ನ ಹೆಸರಲ್ಲೇ ಹೇಳಿ."

ವ್ಯವಸ್ಥಾಪಕರು ಫೋನ್ ಎತ್ತುತ್ತಾರೆ. ಅಕ್ಕ ತೊಟ್ಟಿ ಬರಿದು ಮಾಡಿ, ಹೊಸ ನೀರು ತುಂಬಿ, ದ್ರವ ಅಳೆದು ಮೂರನೆಯ ಇಕ್ಕಳವನ್ನು ಇಳಿಸುತ್ತಾರೆ. ಅದರ ರಕ್ತ ಇಷ್ಟು ಹೊತ್ತಿಗೆ ಇನ್ನಷ್ಟು ಒಣಗಿದೆ. ಗಡಿಯಾರ ನೋಡುತ್ತ ಹತ್ತು ನಿಮಿಷ ಪೂರ್ತಿ ಕಾಯುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಕೋಣೆಯಲ್ಲಿ ಆಗ ಆತುರಪಡುವ ಧೈರ್ಯ ಯಾರಿಗೂ ಇಲ್ಲ. ಬ್ರಷ್ ಆಡಿಸಿ, ಜಾಲಾಡಿಸಿ, ಹತ್ತಿಕಡ್ಡಿಯಿಂದ ಕೀಲು ಒರೆಸುತ್ತಾರೆ. ಎಷ್ಟು ಹೊತ್ತು ಹಿಡಿದರೂ ಕಡ್ಡಿಯ ಬಣ್ಣ ಬದಲಾಗುವುದಿಲ್ಲ.

ವ್ಯವಸ್ಥಾಪಕರು ಗೋಡೆಯ ಆದೇಶವನ್ನು ತಾವೇ ಕಿತ್ತು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನಿಮಿಷ ಕಡಿಮೆ ಮಾಡುವ ಬದಲು ಆರು ತಟ್ಟೆ ಹೆಚ್ಚಿಗೆ ತರಿಸುವುದೆಂದು ಅಲ್ಲೇ ನಿಂತು ಹೇಳುತ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಯಂತ್ರ ಆರಿಸುತ್ತಿದ್ದೆನೋ ಇಲ್ಲವೋ ಎಂದೂ ಸೇರಿಸುತ್ತಾರೆ. ಮೊದಲ ಶಸ್ತ್ರಚಿಕಿತ್ಸೆ ಒಂದೂವರೆ ಗಂಟೆ ತಡವಾಗಿ ಶುರುವಾಗುತ್ತದೆ.

ಮಧ್ಯಾಹ್ನ ಅವರೇ ಮತ್ತೆ ಕೆಳಗಿಳಿದು ಬರುತ್ತಾರೆ. ಆಸ್ಪತ್ರೆಯ ವಾರ್ಷಿಕ ಸಮಾರಂಭದಲ್ಲಿ ಅಕ್ಕನನ್ನು ವೇದಿಕೆಗೆ ಕರೆಯುವ ಯೋಚನೆ ಅವರದು. ಮೇಲಿನ ಡಾಕ್ಟರುಗಳಿಗೆ ನಿಮ್ಮಂಥವರು ಇದ್ದೀರೆಂದೇ ಗೊತ್ತಿಲ್ಲ, ಗೊತ್ತಾಗಲಿ ಎನ್ನುತ್ತಾರೆ. ಅಕ್ಕ ಕೈಗವಸು ಕಳಚುತ್ತ ನಗುತ್ತಾರೆ.

"ಬೇಡ ಸರ್. ಇಕ್ಕಳ ಕೈಗೆ ತಗೊಂಡಾಗ ಅವರಿಗೆ ನನ್ನ ನೆನಪೇ ಬರಬಾರದು. ನೆನಪು ಬಂತು ಅಂದ್ರೆ ಅದರಲ್ಲಿ ಏನೋ ಉಳಿದಿದೆ ಅಂತ."