ಬೆನ್ನ ಮೇಲಿನ ಅಂಗೈ

ಮೊನ್ನೆ ಕಿಟಕಿ ರಿಪೇರಿಗೆ ಬಂದ ಬಡಗಿ ನಮ್ಮ ಹಿತ್ತಿಲಲ್ಲಿ ಮಾವಿನ ಹಲಗೆ ಕೊಯ್ಯುತ್ತಿದ್ದ. ಹಸಿ ಮರದ ಹೊಟ್ಟಿನ ಆ ಹುಳಿಸಿಹಿ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನಾನು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದೆ. ಐವತ್ತು ದಾಟಿದ ಮಂಡಿನೋವಿನ ಹೆಂಗಸು, ಖೋ ಬರಲೆಂದು ಕಾಯುವ ಹುಡುಗಿಯ ಹಾಗೆ ಕೂತುಬಿಟ್ಟೆ.

ಆ ವಾಸನೆ ಮಸ್ತಾನ್ ತಾತನ ಅಂಗಳದ್ದು. ನನ್ನ ತವರೂರು ರಾಯಲ್ಪಾಡಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಅವನ ಹೆಂಚಿನ ಮನೆ. ಹಗಲೆಲ್ಲ ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆ ಹೊಡೆಯುತ್ತಿದ್ದ; ಸಂಜೆ ಊರಿನ ಹೆಣ್ಣುಮಕ್ಕಳಿಗೆ ಖೋ ಖೋ ಕಲಿಸುತ್ತಿದ್ದ. ಬಿದ್ದರೆ ಮಂಡಿ ತರಚಬಾರದೆಂದು ಅಂಗಳಕ್ಕೆಲ್ಲ ಮರದ ಹೊಟ್ಟು ಹಾಸಿರುತ್ತಿದ್ದ. ಗರಗಸಕ್ಕೆ ಸಿಕ್ಕಿ ಅವನ ಬಲಗೈಯ ಉಂಗುರದ ಬೆರಳು ಅರ್ಧಕ್ಕೇ ತುಂಡಾಗಿತ್ತು. ಅವನ ಹೆಂಡತಿಯನ್ನು ನಾವು ನಾನಿ ಅನ್ನುತ್ತಿದ್ದೆವು. ಆಟ ಮುಗಿದ ಮೇಲೆ ಕರಿಬೇವು ಹಿಸುಕಿದ ಮಜ್ಜಿಗೆ ಕೊಟ್ಟು, "ಕೂತ್ಕೊಂಡು ಕುಡೀರೇ, ಕುದುರೆಗಳಾ" ಎಂದು ಗದರುತ್ತಿದ್ದಳು.

ಗೆಲ್ಲುವ ಬಗ್ಗೆ ತಾತ ಆಡಿದ ಮಾತುಗಳು ಸುತ್ತಲ ಊರುಗಳಲ್ಲೆಲ್ಲ ಓಡಾಡುತ್ತಿದ್ದವು. ಕೋಲಾರದ ಮೇಷ್ಟರುಗಳೂ ಬಂದು ಕೇಳಿಕೊಂಡು ಹೋಗುತ್ತಿದ್ದರು. "ಎದುರಿಗಿರೋಳನ್ನ ಮುಟ್ಟೋದು ದೊಡ್ಡದಲ್ಲ ಅಮ್ಮಾಯ್. ನೆನ್ನೆ ಓಡಿದ್ಯಲ್ಲಾ ನೀನು, ಅವಳನ್ನ ಮುಟ್ಟು." ಇನ್ನೊಂದು: "ಗೆಲ್ಲೋದು ಕಾಲಲ್ಲಲ್ಲ, ಬೆನ್ನಲ್ಲಿ. ಬೆನ್ನಿಗೆ ಕಿವಿ ಇರಬೇಕು." ಖೋ ಖೋದಲ್ಲಿ ಸಾಲಾಗಿ ಕೂತವರು ತಾವಾಗಿ ಏಳುವಂತಿಲ್ಲ. ಬೆನ್ನಟ್ಟುತ್ತಿರುವ ಗೆಳತಿ ಹಿಂದಿನಿಂದ ಬಂದು ಬೆನ್ನು ತಟ್ಟಿ 'ಖೋ' ಅಂದರೆ ಮಾತ್ರ ಎದ್ದು ಓಡಬೇಕು. ಬರುವವಳು ಕಾಣುವುದಿಲ್ಲ. ತಾತನ ಪರೀಕ್ಷೆ ಇದರಲ್ಲೇ. ಹೊಟ್ಟಿನ ಮೇಲೆ ಬರಿಗಾಲಲ್ಲಿ ಸದ್ದಿಲ್ಲದೆ ಬಂದು ಖೋ ಅನ್ನದೆ ಸುಮ್ಮನೆ ಅಂಗೈ ಒತ್ತುತ್ತಿದ್ದ. ಎದ್ದವಳಿಗೆ ಹುಣಸೆಮರದ ಸುತ್ತ ಹತ್ತು ಸುತ್ತು ಓಟ. "ಬರೀ ಕೈ ಬಂದ್ರೆ ಏಳಬ್ಯಾಡ. ಬರೀ ಸದ್ದು ಬಂದ್ರೂ ಏಳಬ್ಯಾಡ. ಎರಡೂ ಸೇರಿ ಬಂದಾಗ ಏಳು." ನಾಲ್ಕೂವರೆ ಬೆರಳಿನ ಆ ಕೈಯನ್ನು ನನ್ನ ಬೆನ್ನು ಸಾವಿರ ಕೈಗಳ ನಡುವೆಯೂ ಗುರುತಿಸುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶ್ರೀನಿವಾಸಪುರದಲ್ಲಿ ತಾಲ್ಲೂಕು ಫೈನಲ್. ನನ್ನ ಗೆಳತಿ ರಮಾ ನಮ್ಮೆಲ್ಲರಿಗಿಂತ ಚುರುಕು. ಅವಳ ಅಪ್ಪ, "ಗೆದ್ದು ಕೋಲಾರಕ್ಕೆ ಹೋದ್ರೆ ಆಡ್ಲಿ. ಸೋತ್ರೆ ಇದೇ ಕೊನೆ, ಮನೇಲಿರ್ಲಿ" ಅಂದುಬಿಟ್ಟಿದ್ದ. ಆಟಕ್ಕೆ ಒಂಬತ್ತು ದಿನ ಇದೆ ಅನ್ನುವಾಗ ತಾತ ಪೆಟ್ಟಿಗೆ ಹೊಡೆಯುತ್ತಲೇ ಪಕ್ಕಕ್ಕೆ ವಾಲಿ ಹೋಗಿಬಿಟ್ಟ. ನಾವು ಅಂಗಳ ಬಿಡಲಿಲ್ಲ. ಮಣ್ಣು ಮಾಡಿದ ಮೂರನೆಯ ಸಂಜೆ, ಆಟ ಶುರುವಾಗುವ ಮೊದಲು ಸಾಲಾಗಿ ಕೂತಿದ್ದಾಗ, ನಾನಿ ಹೊಸಿಲಲ್ಲಿ ನಿಂತು, "ಈಗ್ತಾನೆ ಹೊಟ್ಟು ಗುಡಿಸಿ ಸಮ ಮಾಡಿದ್ದೆ. ನಿಮ್ಮ ಹಿಂದೆ ಯಾರೇ ನಡೆದಿದ್ದು?" ಅಂದಳು. ತಿರುಗಿ ನೋಡಿದೆವು. ದೊಡ್ಡವರ ಬರಿಗಾಲಿನ ಹೆಜ್ಜೆಗಳು. ಒಬ್ಬೊಬ್ಬಳ ಹಿಂದೆಯೂ ಒಂದು ಗಳಿಗೆ ನಿಂತ ಹಾಗೆ ಆಳವಾಗಿ ಮೂಡಿದ್ದವು. "ತಾತಂಗೆ ನಮ್ಮ ಮೇಲಿನ್ನೂ ನಂಬ್ಕೆ ಇಲ್ಲ ಕಣೇ" ಎಂದು ರಮಾ ನಗಲು ನೋಡಿದಳು.

ಫೈನಲ್ ದಿನ ಉರಿಬಿಸಿಲು. ಕೊನೆಯ ನಿಮಿಷ; ಇನ್ನೊಬ್ಬಳನ್ನು ಮುಟ್ಟಿದರೆ ಗೆಲುವು ನಮ್ಮದು. ರಮಾ ಬೆನ್ನಟ್ಟುತ್ತಿದ್ದಳು. ಕೂತಿದ್ದ ನನ್ನ ಬೆನ್ನಿಗೆ ಅಂಗೈ ಬಿತ್ತು, ಆ ಬಿಸಿಲಲ್ಲೂ ತಣ್ಣಗೆ. ಮಾವಿನ ಹೊಟ್ಟಿನ ವಾಸನೆ. ನಾಲ್ಕೂವರೆ ಬೆರಳು. ನಾನು ಎದ್ದೆ. ಸೀಟಿ ಊದಿದರು. ಖೋ ಇಲ್ಲದೆ ಎದ್ದದ್ದು ಫೌಲ್. ಆ ತಪ್ಪಿಗೆ ರಮಾ ಓಡುತ್ತಿದ್ದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗಬೇಕಾಯಿತು, ಎದುರಾಳಿ ಜಾರಿಕೊಂಡಳು, ಹೊತ್ತು ಮುಗಿಯಿತು.

"ಯಾರೇ ನಿಂಗೆ ಖೋ ಕೊಟ್ಟಿದ್ದು?" ರಮಾ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ನಾನಿನ್ನೂ ಆ ಕಂಬದತ್ರ ಇದ್ನಲ್ಲೇ!"

"ತಾತ" ಅಂದೆ.

ಅವಳ ಕೈ ಸಡಿಲವಾಯಿತು. "ಸದ್ದು ಬಂತಾ?"

ಬಂದಿರಲಿಲ್ಲ.

ರಮಾ ಮತ್ತೆಂದೂ ಓಡಲಿಲ್ಲ. ಹತ್ತನೇ ಕ್ಲಾಸಿಗೆ ಮೊದಲೇ ಅವಳ ಮದುವೆಯಾಯಿತು. ನನ್ನನ್ನು ಒಮ್ಮೆಯೂ ಬೈಯಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ. ನಾನಿ ಹೋದಳು, ಹೆಂಚಿನ ಮನೆ ಹೋಯಿತು. ಮರದ ಪೆಟ್ಟಿಗೆ ಯಾರಿಗೂ ಬೇಡವಾಗಿ, ಆ ಅಂಗಳದಲ್ಲಿ ಈಗ ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳು ಆಳೆತ್ತರ ನಿಂತಿವೆ. ನಿಮ್ಮ ಬೆನ್ನಿಗೂ ಅಂಥದೊಂದು ಕೈಯ ನೆನಪಿದ್ದರೆ ನಾನು ಹೇಳುವುದು ಅರ್ಥವಾದೀತು.

ಮೊನ್ನೆ ಬಡಗಿ ಊಟಕ್ಕೆ ಹೋದ ಮೇಲೂ ವಾಸನೆ ಹೋಗಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಬೆನ್ನ ಮೇಲೆ ಆ ಕೈ ಬಂತು. ತಣ್ಣಗೆ, ಒಂದು ಬೆರಳು ಗಿಡ್ಡ. ಈ ಸಲ ನಾನು ಏಳಲಿಲ್ಲ. ಮೊರದಲ್ಲಿ ಅಕ್ಕಿ ಅಲುಗದ ಹಾಗೆ ಕೂತು, ಸದ್ದಿಗಾಗಿ ಕಾದೆ.